ಎದ್ದ ಮೇಲೆ ಸೊಪ್ಪು

ನಮ್ಮ ಚನ್ನಲಿಂಗಣ್ಣನಿಗೆ ಹಗಲಿನಲ್ಲೇ ರಾತ್ರಿಯಾಗುತ್ತಿತ್ತು. ತಮಾಷೆಗೆ ಹೇಳುತ್ತಿಲ್ಲ. ಹಾರೋಹಳ್ಳಿಯ ನಮ್ಮ ಲ್ಯಾಬಿನ ಹಿಂದೆ ಇಲಿ ಸಾಕುವ ಕಟ್ಟಡವಿದೆ, ಅದರ ಕೊನೆಯ ಕೋಣೆಯಲ್ಲಿ ಹೊತ್ತನ್ನೇ ತಿರುವುಮುರುವು ಮಾಡಿಟ್ಟಿದ್ದಾರೆ. ಇಲಿಗಳು ಎಚ್ಚರವಿರುವುದು ಕತ್ತಲಲ್ಲಿ, ಕೆಲಸದವರು ಬರುವುದು ಬೆಳಕಿನಲ್ಲಿ. ಅದಕ್ಕೇ ಹೊರಗೆ ಬಿಸಿಲು ಸುಡುತ್ತಿರುವಾಗ ಆ ಕೋಣೆಯೊಳಗೆ ಒಂದು ಕೆಂಪು ದೀಪ ಮಾತ್ರ ಉರಿಯುತ್ತಿರುತ್ತದೆ. ಕೆಂಪು ಬೆಳಕು ಇಲಿಗಳ ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲವಂತೆ. ಬಿಳಿ ಇಲಿಗಳೆಲ್ಲ ತೆಳುವಾಗಿ ಕೆಂಪಾಗಿರುತ್ತವೆ, ಗಾಳಿ ಮೆಷಿನ್ನು ಒಂದೇ ಸಮ ಗುಂಯ್ ಅನ್ನುತ್ತಿರುತ್ತದೆ, ಒಂದು ಗಳಿಗೆ ಸುಮ್ಮನೆ ನಿಂತರೆ ಸಾಕು, ಕಣ್ಣು ಎಳೆಯುತ್ತದೆ. ನಾನಂತೂ ನಿಲ್ಲುವವಳಲ್ಲ. ಕೊಳೆ ಕೇಜುಗಳನ್ನು ಗಾಡಿಗೆ ಹೇರಿಕೊಂಡು ತೊಳೆಯುವ ಮನೆಗೆ ಬಂದುಬಿಡುತ್ತೇನೆ.

ನಾನು ಶರ್ಫುನ್ನೀಸಾ, ರಾಮನಗರದವಳು. ಕುದಿಯುವ ನೀರಿನ ತೊಟ್ಟಿಯ ಮುಂದೆ ಕೂತು ರೇಷ್ಮೆ ಗೂಡಿನಿಂದ ನೂಲು ಬಿಚ್ಚಿದ ಕೈ ನನ್ನದು. ಈಗ ಕೇಜು ತೊಳೆಯುತ್ತೇನೆ. ಅಲ್ಲೂ ಹಬೆ, ಇಲ್ಲೂ ಹಬೆ. ಇಲ್ಲಿ ಗ್ಲೌಸು ಕೊಡುತ್ತಾರೆ, ಅಷ್ಟೇ ವ್ಯತ್ಯಾಸ. ಚನ್ನಲಿಂಗಣ್ಣ ಕನಕಪುರದ ಪಕ್ಕದ ಹಳ್ಳಿಯವರು, ಮೀಸೆ ಬಂದಾಗಿನಿಂದ ರೇಷ್ಮೆ ಹುಳು ಸಾಕಿದವರು. ಅವರು ರಾಮನಗರದ ಮಾರ್ಕೆಟ್ಟಿಗೆ ತಂದು ಸುರಿದ ಗೂಡನ್ನು ನಮ್ಮಂಥವರು ಹರಾಜಿನಲ್ಲಿ ಹಿಡಿದು ಬೇಯಿಸುತ್ತಿದ್ದೆವು. ನೀವು ಕೂಸಿನಂತೆ ಸಾಕೋದು, ನಾವು ಕುದಿಯೋ ನೀರಿಗೆ ಹಾಕೋದು, ನಮ್ಮಿಬ್ಬರ ನಂಟು ಹಳೇದು ಅಂತ ನಾನು ಸೇರಿದ ಹೊಸತರಲ್ಲೇ ರೇಗಿಸಿದ್ದೆ. ಅವರು ನಕ್ಕು ಸುಮ್ಮನಾದರು. ರೇಗಿಸಿದರೂ ರೇಗದ ಗಂಡಸರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೋ ಇವರ ಮೇಲೆ ಉರಿಯಲಿಲ್ಲ.

ಒಳಗೆ ಹೋಗುವ ಮುಂಚೆ ಎಲ್ಲರೂ ತಲೆಗೆ ನೀರು ಹಾಕಿಕೊಂಡು, ಲ್ಯಾಬಿನ ಬಟ್ಟೆ ತೊಡಬೇಕು. ಚನ್ನಲಿಂಗಣ್ಣನ ಹಣೆಯ ವಿಭೂತಿ ನೀರಿನಲ್ಲಿ ಹೋಗುತ್ತಿತ್ತು. ಸಂಜೆ ಹೊರಗೆ ಬಂದವರೇ ಅಂಗಿ ಜೇಬಿನಿಂದ ಪೊಟ್ಟಣ ತೆಗೆದು ಮತ್ತೆ ಇಟ್ಟುಕೊಳ್ಳುತ್ತಿದ್ದರು. ಆಗಲೇ ಅವರಿಗೆ ತಾನು ಎದ್ದೆ ಅನ್ನಿಸುತ್ತಿತ್ತೇನೋ. ಅಲ್ಲಿಯವರೆಗೂ ಕೆಂಪು ಕೋಣೆಯಲ್ಲಿ ನೆಲ ಮುಟ್ಟದವರ ಹಾಗೆ ಓಡಾಡುತ್ತಿದ್ದರು, ಕರೆದರೆ ಒಂದು ಕ್ಷಣ ತಡೆದು ತಿರುಗುತ್ತಿದ್ದರು.

ಹುಳು ಸಾಕುವವರ ಮನೆಯಲ್ಲಿ ಒಂದು ಪದ್ಧತಿ ಇದೆ. ಗೂಡು ಕಟ್ಟುವ ಮೊದಲು ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಆಗೆಲ್ಲ ಅದು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತುಬಿಡುತ್ತದೆ. ಕೂತ ಹುಳುವನ್ನು ಮುಟ್ಟಬಾರದು, ತಟ್ಟೆ ಜರುಗಿಸಬಾರದು, ಸೊಪ್ಪು ಹಾಕಲೇಬಾರದು. ಒಂದೆರಡು ಮುಂಚೆಯೇ ಎದ್ದು ಬಾಯಾಡಿಸಿದರೂ ಅವು ಕಾಯಬೇಕು. ಎಲ್ಲಾ ಎದ್ದ ಮೇಲೆ ಸೊಪ್ಪು. ಹುಳು ತಿನ್ನುವ ಸದ್ದು ತುಂತುರು ಮಳೆಯಂತೆ ಇರುತ್ತದೆ. ಅದು ನಿಂತಿತೆಂದರೆ ನಿದ್ದೆಯಲ್ಲೂ ಚನ್ನಲಿಂಗಣ್ಣನಿಗೆ ಗೊತ್ತಾಗುತ್ತಿತ್ತಂತೆ. ಅವರು ಎದ್ದು ಹುಳು ಮನೆಗೆ ಹೋದರೆ ಹಿಂದೆಯೇ ಹೆಂಡತಿ ಸರ್ವಮಂಗಳಮ್ಮ ದೀಪ ಹಿಡಿದು ಬಂದು ನಿಲ್ಲುತ್ತಿದ್ದರಂತೆ. ಇಬ್ಬರೂ ಮಾತಾಡುತ್ತಿರಲಿಲ್ಲ, ಸುಮ್ಮನೆ ನೋಡಿಕೊಂಡು ವಾಪಸು ಬರುತ್ತಿದ್ದರು.

ಆ ಸರ್ವಮಂಗಳಮ್ಮನಿಗೆ ಹಿಪ್ಪುನೇರಳೆ ಕಡ್ಡಿ ಕೊಯ್ಯುವಾಗ ಕುಡುಗೋಲು ಕಾಲಿಗೆ ತಾಗಿತು. ಅರಿಸಿನ ಮೆತ್ತಿಕೊಂಡು ಕೆಲಸ ಮಾಡಿದರು. ಗಾಯ ಕೀವಾಗಿ ಸೋಂಕು ರಕ್ತಕ್ಕೆ ಸೇರಿತು. ಆಸ್ಪತ್ರೆಯವರು ತಮ್ಮ ಕೈಲಾದದ್ದೆಲ್ಲ ಮಾಡಿದರು ಅಂತ ಚನ್ನಲಿಂಗಣ್ಣ ಈಗಲೂ ಹೇಳುತ್ತಾರೆ. ಅಲ್ಲಿ ಆಕೆ ಊಟ ಬಿಟ್ಟರು. ಹೊಟ್ಟೆಗೆ ಬಿದ್ದರೆ ತ್ರಾಣ ಬಂದೀತು ಅಂತ ಇವರು ಗಂಜಿಗೆ ಸಕ್ಕರೆ ಹಾಕಿ ಚಮಚದಲ್ಲಿ ಕುಡಿಸುತ್ತಿದ್ದರು. ಆಕೆ ಗೋಡೆಯ ಕಡೆ ಮುಖ ತಿರುಗಿಸಿದರೆ ಇವರು ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡು ಇನ್ನೊಂದು ಚಮಚ ಇಡುತ್ತಿದ್ದರು. ಯಾರಾದರೂ ಹಾಗೇ ಮಾಡುತ್ತಾರೆ, ನಾನಾಗಿದ್ದರೂ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಗೋಡೆಯ ಕಡೆ ತಿರುಗಿದವರು ತಿರುಗಿದ ಹಾಗೇ ಹೋಗಿಬಿಟ್ಟರು.

ಹುಳು ಸಾಕುವುದು ಒಬ್ಬರಿಂದ ಆಗುವ ಕೆಲಸವಲ್ಲ. ಮಗಳನ್ನು ಚನ್ನಪಟ್ಟಣಕ್ಕೆ ಕೊಟ್ಟಾಗಿತ್ತು. ತೋಟ ತಮ್ಮನಿಗೆ ಬಿಟ್ಟು, ಹುಳು ಮನೆಗೆ ಬೀಗ ಹಾಕಿ, ಇವರು ನಮ್ಮ ಇಲಿ ಮನೆ ಸೇರಿದರು.

ಕೆಂಪು ಕೋಣೆಯಲ್ಲಿ ಸಂಶೋಧನೆ ಮಾಡುವವಳು ಸೌಮ್ಯಶ್ರೀ, ಮಾಗಡಿ ಕಡೆಯ ಹುಡುಗಿ. ಡಾಕ್ಟರೇಟಿಗೆ ಓದುತ್ತಾಳೆ, ನಮ್ಮ ಜೊತೆಯಲ್ಲೇ ಕೂತು ಉಣ್ಣುತ್ತಾಳೆ. ತಾನು ಏನು ಮಾಡುತ್ತಿದ್ದೇನೆ ಅಂತ ಮೊದಲ ದಿನವೇ ನಮಗೆಲ್ಲ ತಿಳಿಸಿ ಹೇಳಿದ್ದಳು. ಇಲಿಯ ಮೈಗೆ ಬ್ಯಾಕ್ಟೀರಿಯಾ ಹೊಕ್ಕಾಗ ಮೈ ತಾನೇ ಕಾದಾಡುತ್ತದೆ. ಆ ಕಾದಾಟಕ್ಕೆ ಒತ್ತಾಸೆಯಾಗಿ ನಿಲ್ಲುವ ಔಷಧವೊಂದನ್ನು ಅವಳು ಪರೀಕ್ಷೆ ಮಾಡುತ್ತಿದ್ದಳು. ಇದು ಗಾಯದಿಂದ ರಕ್ತಕ್ಕೆ ಹೋಗುವ ಸೋಂಕಿಗೂ ಆಗುತ್ತದೆಯೇ ಅಂತ ಚನ್ನಲಿಂಗಣ್ಣ ಕೇಳಿದರು. ಅದಕ್ಕೇ ಅಂಕಲ್ ಇದು ಅಂದಳು. ಅವತ್ತಿನಿಂದ ಇವರು ಬೇರೆ ಕೋಣೆಯ ಕೆಲಸ ಒಪ್ಪಲಿಲ್ಲ. ಆ ಔಷಧ ಗೆಲ್ಲಬೇಕು, ಅವರಿಗೆ ಈ ಲೋಕದಲ್ಲಿ ಬೇಕಾಗಿದ್ದುದು ಅದೊಂದೇ. ಮಗಳ ಮನೆಗೆ ಹೋಗುವ ದಾರಿಯಲ್ಲಿ ಕೆಂಗಲ್ಲಿನಲ್ಲಿ ಬಸ್ಸಿಳಿದು ಹನುಮಂತರಾಯನಿಗೆ ಹರಕೆ ಹೊತ್ತು ಬಂದರು. ಇಲಿಗಳ ಹೆಸರಲ್ಲಿ ಹರಕೆ ಹೊತ್ತ ಮೊದಲ ಮನುಷ್ಯ ನೀವೇ ಇರಬೇಕು ಅಂದೆ. ಅದಕ್ಕೂ ನಕ್ಕರು.

ದೊಡ್ಡ ಪರೀಕ್ಷೆ ಶುರುವಾಯಿತು. ಕೋಣೆಯ ಎರಡು ಗೋಡೆಗೆ ಎರಡು ರ‍್ಯಾಕು. ಎರಡರ ಇಲಿಗಳಿಗೂ ಒಂದೇ ಸೋಂಕು. ಎಡಗಡೆಯವಕ್ಕೆ ಔಷಧ, ಬಲಗಡೆಯವಕ್ಕೆ ಬರೀ ಉಪ್ಪುನೀರು. ಎಡಗಡೆಯ ರ‍್ಯಾಕು ಚನ್ನಲಿಂಗಣ್ಣನದು, ಬಲಗಡೆಯದು ಮುನಿಕೃಷ್ಣ ಅನ್ನುವ ಇನ್ನೊಬ್ಬ ಕೆಲಸಗಾರನದು. ಇಲಿಗಳು ಜಡವಾದ ಮೇಲೆ, ಮುಚ್ಚಳದ ತಂತಿ ಬುಟ್ಟಿಯಲ್ಲಿರುವ ಗಟ್ಟಿ ಫೀಡಿಗೆ ಅವು ಎಟುಕಲಾರವು ಅಂತ, ನೆನೆಸಿದ ಸಿಹಿ ಫೀಡನ್ನು ಒಂದೊಂದು ಗುಕ್ಕು ಕೇಜಿನ ನೆಲದ ಮೇಲೆ ಇಡಬೇಕು. ಪ್ರಾಣಿಗಳಿಗೆ ಕಷ್ಟವಾಗದಿರಲಿ ಅಂತ ಮಾಡಿದ ನಿಯಮ ಅದು. ಒಳ್ಳೆಯ ನಿಯಮವೇ.

ಎಡಗಡೆಯ ರ‍್ಯಾಕಿನ ಮುಂದೆ ಏನಾಯಿತು ಅನ್ನುವುದನ್ನು ಚನ್ನಲಿಂಗಣ್ಣ ಆಮೇಲೆ ನನಗೆ ಹೇಳಿದರು. ನಾನು ಇಲ್ಲೇ ಹೇಳಿಬಿಡುತ್ತೇನೆ. ಕೊನೆಯವರೆಗೂ ಮುಚ್ಚಿಟ್ಟು ಆಟವಾಡಿಸುವ ಬುದ್ಧಿ ನನಗಿಲ್ಲ.

ಅವರು ಸಿಹಿ ಫೀಡಿನ ಬಟ್ಟಲು ಹಿಡಿದು ಒಳಗೆ ಹೋದರು. ಮುನಿಕೃಷ್ಣ ತನ್ನ ಪಾಲಿನದು ಮುಗಿಸಿ ಹೋಗಿದ್ದ. ದಿನಾ ಆ ಕೋಣೆಯಲ್ಲಿ ಇಲಿಗಳು ಫೀಡು ಕಡಿಯುವ ಕಟಕಟ ಸದ್ದು ಇರುತ್ತಿತ್ತು. ಅವತ್ತು ನಿಂತಿತ್ತು. ಬಾಗಿಲು ಹಾಕಿಕೊಂಡ ಕೂಡಲೇ ಅವರಿಗೆ ಅದು ಕೇಳಿಸಿತು, ಅಂದರೆ ಏನೂ ಕೇಳಿಸದಿರುವುದು ಕೇಳಿಸಿತು. ನೋಡಿದರೆ ಕೇಜು ಕೇಜಿನಲ್ಲೂ ಇಲಿಗಳು ಬೆನ್ನು ಬಾಗಿಸಿ, ಕೂದಲು ನಿಮಿರಿಸಿಕೊಂಡು, ಅರೆಗಣ್ಣು ಮುಚ್ಚಿ ಕೂತಿವೆ. ಅಲ್ಲಾಡುತ್ತಿಲ್ಲ. ಕೆಂಪು ದೀಪ ಹಾಗೇ ಉರಿಯುತ್ತಿದೆ. ಅವರಿಗೆ ಹಸಿ ಸೊಪ್ಪಿನ ವಾಸನೆ ಬಂತಂತೆ. ಕಾಲ ಕೆಳಗೆ ಟೈಲ್ಸು ಹೋಗಿ ಸಗಣಿ ಸಾರಿಸಿದ ನೆಲ ತಣ್ಣಗೆ ತಾಗಿತಂತೆ. ಬೆನ್ನ ಹಿಂದೆ ಯಾರೋ ದೀಪ ಹಿಡಿದು ಬಂದು ನಿಂತರು. ಯಾರೆಂದು ಗೊತ್ತಿತ್ತು. ತಿರುಗಿ ನೋಡಲಿಲ್ಲ, ನೋಡಿದರೆ ಹೋಗಿಬಿಡುತ್ತಾಳೆ ಅಂತ.

ಮಿಕ್ಕಿದ್ದನ್ನು ಅವರ ಕೈ ಮಾಡಿತು. ಸಿಹಿ ಫೀಡು ಬಟ್ಟಲಿನಲ್ಲೇ ಉಳಿಯಿತು. ಒಂದೊಂದೇ ಕೇಜಿನ ಬುಟ್ಟಿಯಿಂದ ಗಟ್ಟಿ ಫೀಡನ್ನೂ ಸದ್ದಾಗದಂತೆ ಆಯ್ದು ಚೀಲಕ್ಕೆ ಹಾಕಿದರು, ಅಲ್ಲೊಂದು ಇಲ್ಲೊಂದು ಇಲಿ ಮೂತಿ ಚಾಚಿದ್ದನ್ನು ಕಂಡೂ ಕಾಣದ ಹಾಗೆ. ನೀರು ಮಾತ್ರ ಬಿಟ್ಟರು. ಮಾರನೆಯ ದಿನ ಒಳಗೆ ಸರಸರ ಸದ್ದಾದ ಮೇಲೆ ಫೀಡು ವಾಪಸು ತುಂಬಿದರು. ಮಾಡಿದ್ದು ತಪ್ಪು ಅಂತ ಹೊಳೆಯಲೇ ಇಲ್ಲ. ಉಸಿರಾಡಿದ್ದು ತಪ್ಪು ಅಂತ ಯಾರಿಗೆ ಹೊಳೆಯುತ್ತದೆ?

ಬಲಗಡೆಯ ರ‍್ಯಾಕಿನಲ್ಲಿ ಮುಕ್ಕಾಲು ಪಾಲು ಸತ್ತವು. ಎಡಗಡೆಯವು ಹೆಚ್ಚುಕಮ್ಮಿ ಎಲ್ಲವೂ ಎದ್ದು ಓಡಾಡಿದವು. ಸೌಮ್ಯಶ್ರೀ ತೊಳೆಯುವ ಮನೆಗೆ ಓಡಿಬಂದು ನನ್ನ ಒದ್ದೆ ಏಪ್ರನ್ನಿನ ಸಮೇತ ನನ್ನನ್ನು ತಬ್ಬಿಕೊಂಡಳು. ಮಾಗಡಿಗೆ ಫೋನ್ ಮಾಡಿ ಅಮ್ಮನ ಜೊತೆ ಮಾತಾಡುತ್ತಾ ಅತ್ತಳು. ಮೈಸೂರು ಪಾಕ್ ತರಿಸಿ ಸೆಕ್ಯೂರಿಟಿಯವರಿಗೂ ಹಂಚಿದಳು. ಚನ್ನಲಿಂಗಣ್ಣ ತಮ್ಮ ಪಾಲಿನ ತುಂಡನ್ನು ಕೈಯಲ್ಲಿ ಹಿಡಿದುಕೊಂಡು ಕಟ್ಟಡದ ಹಿಂದೆ ನಿಂತಿದ್ದರು. ಮುಖ ನೋಡಿದರೆ ಹತ್ತು ವರ್ಷ ಚಿಕ್ಕವರಾಗಿದ್ದರು.

"ಇನ್ಮ್ಯಾಕೆ ಯಾರೂ ಮಂಗಳನಂಗೆ ಓಗಾದಿಲ್ಲ ಕಣ್ ಶರ್ಫಮ್ಮ," ಅಂದರು.

ಆ ಸಂತೋಷ ಊಟದ ಹೊತ್ತಿಗೇ ಮುಗಿಯಿತು. ಮುನಿಕೃಷ್ಣ ಬೇಜಾರಿನಲ್ಲಿ ಗೊಣಗುತ್ತಾ ಕೂತಿದ್ದ. ತಾನು ಸಿಹಿ ಫೀಡನ್ನು ಒಂದೊಂದರ ಮೂತಿಯ ಮುಂದೇ ಇಟ್ಟೆ, ಪಾಪ ಅಷ್ಟಿಷ್ಟು ನೆಕ್ಕಿದವು ಕೂಡ, ಆದರೂ ಹೆಚ್ಚಿನವು ಉಳಿಯಲಿಲ್ಲ ಅಂದ. ಮುದ್ದೆ ಮುರಿಯುತ್ತಿದ್ದ ಚನ್ನಲಿಂಗಣ್ಣನ ಕೈ ತಟ್ಟೆಯಲ್ಲೇ ನಿಂತುಹೋಯಿತು. ಮತ್ತೆ ಆ ಕೈ ಬಾಯಿಗೆ ಹೋಗಲಿಲ್ಲ.

ಸಂಜೆ ಬಸ್ಸಿಗೆ ಕಾಯುವಾಗ ನನ್ನ ಹತ್ತಿರ ಎಲ್ಲ ಹೇಳಿದರು. ವಿಭೂತಿ ಇಟ್ಟುಕೊಳ್ಳುವುದನ್ನೂ ಮರೆತಿದ್ದರು. ಔಷಧ ಉಳಿಸಿತೋ, ಫೀಡು ತೆಗೆದಿದ್ದು ಉಳಿಸಿತೋ ಅಂತ ಅವರಿಗೆ ಗೊತ್ತಿರಲಿಲ್ಲ. ಎರಡು ಕಡೆಯೂ ಒಂದೇ ಥರ ನೋಡಿಕೊಂಡಿಲ್ಲ ಅನ್ನುವುದಷ್ಟೇ ಗೊತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ಮುಚ್ಚಿಕೊಂಡು ಸುಮ್ಮನಿರಿ ಅಂದೆ. ಯಾರೂ ನೋಡಿಲ್ಲ, ಯಾರೂ ಕೇಳಿಲ್ಲ, ಹುಡುಗಿ ಇಷ್ಟು ವರ್ಷ ಕಷ್ಟಪಟ್ಟು ಇವತ್ತು ನಕ್ಕಿದ್ದಾಳೆ, ನಿಮಗೂ ಇದೇ ಬೇಕಿತ್ತಲ್ಲವೇ ಅಂದೆ. ಹಾಗೆ ಹೇಳಿದ್ದಕ್ಕೆ ನನಗೆ ಈಗಲೂ ಬೇಜಾರಿಲ್ಲ. ಅವಳ ಆವತ್ತಿನ ಮುಖವನ್ನು ನೀವು ನೋಡಿಲ್ಲ. ಚನ್ನಲಿಂಗಣ್ಣ ರಸ್ತೆ ನೋಡುತ್ತಾ ನಿಂತಿದ್ದರು.

"ಸುಳ್ ಔಸ್ತಿ ಕುಡುದ್ರೆ ಇನ್ನೊಬ್ಬನ್ ಎಂಡ್ತಿ ಉಳ್ಕತಾಳಾ ಶರ್ಫಮ್ಮ?" ಅಂದರು.

ಬಸ್ಸು ಬಂತು, ಹತ್ತಿದೆವು.

ಬೆಳಿಗ್ಗೆ ಕಾರಿಡಾರಿನಲ್ಲೇ ಸೌಮ್ಯಶ್ರೀಯನ್ನು ನಿಲ್ಲಿಸಿ ಹೇಳಿಬಿಟ್ಟರು. ನಾನು ಕೇಜಿನ ಗಾಡಿ ಹಿಡಿದು ಪಕ್ಕದಲ್ಲೇ ಇದ್ದೆ. ಅವಳು ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಗೋಡೆಗೆ ಒರಗಿ, ಹಾಗೇ ಜಾರಿ, ನೆಲದ ಮೇಲೆ ಕೂತಳು. ಸಿಹಿ ಫೀಡೂ ಇಡಲಿಲ್ಲವೇ, ಬುಟ್ಟಿಯನ್ನೂ ಖಾಲಿ ಮಾಡಿದಿರೇ ಅಂತ ಎರಡೆರಡು ಸಲ ಕೇಳಿದಳು. ಹೌದು ಅಂದರು.

"ಸೋಂಕು ಬಂದಾಗ ಮೈಯೇ ಹಸಿವನ್ನ ಆರಿಸಿಬಿಡುತ್ತೆ ಅಂಕಲ್," ಅಂದಳು. ಧ್ವನಿ ಬಹಳ ಮೆತ್ತಗಿತ್ತು. "ಕಾದಾಡೋಕೆ ಅದೂ ಒಂದು ದಾರಿ. ಕೆಲವು ಸೋಂಕಲ್ಲಿ ಸಿಹಿ ತಿನ್ನಿಸಿದ ಇಲಿ ಸಾಯುತ್ತೆ, ತಿನ್ನದೆ ಇದ್ದಿದ್ದು ಉಳಿಯುತ್ತೆ ಅಂತ ಬೇರೆಯವರು ಆಗಲೇ ಮಾಡಿ ನೋಡಿದಾರೆ. ನಾನೂ ಓದಿದೀನಿ. ಎರಡೂ ಕಡೆ ಸಮ ಇಟ್ರೆ ಸಾಕು ಅಂದ್ಕೊಂಡಿದ್ದೆ."

ಚನ್ನಲಿಂಗಣ್ಣ ಬೈಗುಳಕ್ಕೆ ಸಿದ್ಧರಾಗಿ ಬಂದಿದ್ದರು. ಈ ಮಾತಿಗೆ ಸಿದ್ಧರಾಗಿರಲಿಲ್ಲ. ತಮ್ಮ ಬಲಗೈಯನ್ನು ತಾವೇ ನೋಡಿಕೊಂಡರು.

"ಗಂಜಿಗೆ ಸಕ್ರೆ ಆಕಿದ್ದೆ ಕಣವ್ವಾ," ಅಂದರು.

ಅವಳಿಗೆ ಅರ್ಥವಾಗಲಿಲ್ಲ. ಸರ್ವಮಂಗಳಮ್ಮನ ವಿಷಯ ನಾನೇ ಹೇಳಬೇಕಾಯಿತು. ಆ ಹುಡುಗಿ ತನ್ನ ದುಃಖ ಪಕ್ಕಕ್ಕಿಟ್ಟು ಎದ್ದು ನಿಂತಳು. ಇಲಿ ಬೇರೆ, ಮನುಷ್ಯರು ಬೇರೆ, ಆಸ್ಪತ್ರೆಯಲ್ಲಿ ಎಷ್ಟೋ ಜನಕ್ಕೆ ಆಹಾರ ಕೊಟ್ಟೇ ಉಳಿಸುತ್ತಾರೆ ಅಂದಳು. ನಿಮ್ಮ ಗಂಜಿಯಿಂದ ಹೋದರು ಅಂತ ನಾನು ಹೇಳುವುದಿಲ್ಲ, ಅಲ್ಲ ಅಂತ ಆಣೆ ಮಾಡಲೂ ನನಗೆ ಬರುವುದಿಲ್ಲ ಅಂದಳು. ಸುಳ್ಳು ಸಮಾಧಾನ ಹೇಳಲಿಲ್ಲ ಅಂತ ನನಗೆ ಮೊದಲು ಅವಳ ಮೇಲೆ ಸಿಟ್ಟು ಬಂತು, ಆಮೇಲೆ ಇಳಿಯಿತು.

ಮೇಲಿನವರು ಚನ್ನಲಿಂಗಣ್ಣನಿಗೆ ಮೆಮೊ ಕೊಟ್ಟರು. ತಾನಾಗಿ ಬಂದು ಹೇಳಿದ ಅನ್ನುವ ಕಾರಣಕ್ಕೆ ಕೆಲಸ ಉಳಿಯಿತು. ಪರೀಕ್ಷೆಯನ್ನು ಮೊದಲಿಂದ ಮಾಡಬೇಕಾಯಿತು. ಹೊಸ ಇಲಿಗಳು ಬಂದವು, ಹೊಸದಾಗಿ ಸೋಂಕು. ಈ ಸಲ ಎರಡೂ ರ‍್ಯಾಕನ್ನು ಮುನಿಕೃಷ್ಣನೇ ನೋಡಿಕೊಳ್ಳಲಿ, ನೀವು ಒಳಗೆ ಬರಬೇಡಿ ಅಂತ ಸೌಮ್ಯಶ್ರೀ ಹೇಳಿದಳು. ಅವರ ಕೈ ಮೇಲಿನ ಅನುಮಾನದಿಂದಲ್ಲ, ಕರುಣೆಯಿಂದ. ಇವರು ಒಪ್ಪಲಿಲ್ಲ. ಮುನಿಕೃಷ್ಣನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ಕೂತಿದ್ದ ಇಲಿಗಳ ಮುಂದೆ ತಮ್ಮ ಕೈಯಾರೆ ಸಿಹಿ ಫೀಡು ಇಟ್ಟರು. ನಾನು ಅವತ್ತು ಬಾಗಿಲ ಗಾಜಿನಿಂದ ನೋಡಿದೆ. ಕೆಂಪು ಬೆಳಕಿನಲ್ಲಿ ಅವರು ಬಟ್ಟಲು ಹಿಡಿದು ಒಂದು ಕೇಜಿನಿಂದ ಇನ್ನೊಂದಕ್ಕೆ ನಿಧಾನವಾಗಿ ಸಾಗುತ್ತಿದ್ದರು, ತುಟಿ ಅಲ್ಲಾಡುತ್ತಿತ್ತು. ಯಾರ ಹತ್ತಿರ ಮಾತಾಡುತ್ತಿದ್ದರೋ. ಒಂದೇ ಒಂದು ಸಲ ಹಿಂದೆ ತಿರುಗಿ ನೋಡಿದರು. ಹಿಂದೆ ಮುನಿಕೃಷ್ಣ ಇದ್ದ.

ಎಡಗಡೆಯವೂ ಬಲಗಡೆಯವೂ ಒಂದೇ ಲೆಕ್ಕದಲ್ಲಿ ಸತ್ತವು. ಔಷಧದಿಂದ ಏನೂ ಆಗಿರಲಿಲ್ಲ.

ಅವತ್ತು ಮಧ್ಯಾಹ್ನ ಸೌಮ್ಯಶ್ರೀ ಊಟದ ಕೋಣೆಗೆ ಬಂದು, ಡಬ್ಬಿ ಬಿಚ್ಚದೆ, ಮೇಜಿನ ಮೇಲೆ ತಲೆಯಿಟ್ಟು ಕೂತುಬಿಟ್ಟಳು. ಅಳಲಿಲ್ಲ, ಮಾತಿಲ್ಲ, ಅಲ್ಲಾಡಲಿಲ್ಲ. ಹಸಿದವರನ್ನು ನೋಡಿಕೊಂಡು ಸುಮ್ಮನಿರುವ ಜಾಯಮಾನ ನನ್ನದಲ್ಲ. ಬೆಳಿಗ್ಗೆಯೂ ಏನೂ ತಿಂದಿಲ್ಲ ಈ ಹುಡುಗಿ, ಒಂದು 'ಊಂ' ಅಂದರೆ ಬಾಯಿಗೇ ಇಡುತ್ತೇನೆ ಅಂತ ನನ್ನ ಡಬ್ಬಿಯ ಪಲಾವ್ ಕಲಸಿ ತುತ್ತು ಮಾಡಿ ಅವಳ ಭುಜ ಹಿಡಿದೆ. ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ನಾನು ಗಲ್ಲಕ್ಕೆ ಕೈ ಹಾಕಿದೆ.

ಚನ್ನಲಿಂಗಣ್ಣ ನನ್ನ ಮಣಿಕಟ್ಟು ಹಿಡಿದರು. ಅಷ್ಟು ದಿನದಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೊಂದೇ ಸಲ.

"ಬುಟ್ಬುಡಿ ಶರ್ಫಮ್ಮ," ಅಂದರು. "ಕೂತವ್ಳೆ. ಒಸಿ ತಡೀರಿ, ಏಳ್ತಾಳೆ."

ನಾನು ತುತ್ತನ್ನು ಡಬ್ಬಿಗೆ ವಾಪಸು ಹಾಕಿದೆ. ಅವರು ಸದ್ದಾಗದಂತೆ ಫ್ಯಾನ್ ನಿಲ್ಲಿಸಿ, ಕಿಟಕಿಯ ಪರದೆ ಎಳೆದರು. ಅವಳ ಡಬ್ಬಿಯನ್ನು ಎತ್ತಿಕೊಂಡು ಹೋಗಿ ನನ್ನ ತೊಳೆಯುವ ಮನೆಯ ಹಬೆ ಪೆಟ್ಟಿಗೆಯ ಮೇಲೆ ಬೆಚ್ಚಗಿರಲು ಇಟ್ಟರು. ಬಂದು ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂತರು. ಟೀಗೆ ಬಂದವರನ್ನೆಲ್ಲ ಕೈಸನ್ನೆಯಲ್ಲೇ ಆಚೆ ಕಳಿಸಿದರು. ಮುನಿಕೃಷ್ಣನನ್ನೂ ಬಿಡಲಿಲ್ಲ. ನನ್ನ ಬಸ್ಸಿನ ಹೊತ್ತಾಯಿತು, ನಾನು ಹೋಗಲಿಲ್ಲ.

ಬಿಸಿಲು ಇಳಿದ ಮೇಲೆ ಒಳಗೆ ಕುರ್ಚಿ ಸರಿದ ಸದ್ದಾಯಿತು. ಅವಳು ಕಣ್ಣು ಉಜ್ಜಿಕೊಳ್ಳುತ್ತಾ ಬಾಗಿಲಿಗೆ ಬಂದು ತನ್ನ ಡಬ್ಬಿ ಎಲ್ಲಿ ಅಂತ ಕೇಳಿದಳು. ಚನ್ನಲಿಂಗಣ್ಣ ಏಳುವ ಅವಸರದಲ್ಲಿ ಸ್ಟೂಲು ಬೀಳಿಸಿದರು. ಡಬ್ಬಿ ತಂದು, ಮುಚ್ಚಳ ತೆಗೆದು ಅವಳ ಮುಂದೆ ಇಟ್ಟು, ಹಿಂದೆ ಸರಿದು ನಿಂತರು. ಅವಳು ಒಂದು ತುತ್ತು ತಿಂದಳು, ಇನ್ನೊಂದು ತಿಂದಳು. ಆಮೇಲೆ ತಲೆ ಎತ್ತಿ ಅವರನ್ನು ನೋಡಿದಳು. ಅವರ ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಇಬ್ಬರೂ ಬಸ್ ಸ್ಟಾಪಿಗೆ ಬಂದೆವು. ಅಲ್ಲಿ ನಾನೇ ಬಾಯಿ ಬಿಟ್ಟೆ. ಕಾದಿದ್ದರೆ ಸರ್ವಮಂಗಳಮ್ಮ ಬದುಕುತ್ತಿದ್ದರು ಅಂತ ಯಾರೂ ಹೇಳಿಲ್ಲ, ಸುಮ್ಮನೆ ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ ಅಂತ ಗದರಿದೆ. ಅವರು ಜೇಬಿನಿಂದ ವಿಭೂತಿ ಪೊಟ್ಟಣ ತೆಗೆದು, ಬಿಚ್ಚಿ, ಬೆರಳಿಗೆ ಹಚ್ಚಿಕೊಂಡು ಹಾಗೇ ನಿಂತರು.

"ಬದುಕ್ತಿರ್ಲಿಲ್ವೇನೋ," ಅಂದರು. "ನಾನು ಚಮ್ಚ ಕೆಳೀಕೆ ಮಡಗಿದ್ರೆ, ನನ್ ಕಡೀಕ್ ಮೊಕ ಮಾಡ್ಕಂಡಾದ್ರೂ ಓಗೋಳು."